ಆರಿಸಲಾಗದ ದೀಪದ ಕೀಲಿಕೈ

ಅಂಗಳದ ತುಳಸಿಕಟ್ಟೆಗೂ ಅಣುವಿಜ್ಞಾನಕ್ಕೂ ನಂಟು ಬೆಸೆದ ಊರು ಯಾವುದೆಂದು ಕೇಳಿದರೆ ಮಣಿಪಾಲ ಎನ್ನಬೇಕು. 1990ರ ದಶಕದಲ್ಲಿ ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ರೇಡಿಯೋಬಯಾಲಜಿ ವಿಭಾಗದಲ್ಲಿ ಪ್ರೊ. ಪಿ. ಉಮಾದೇವಿ ಮತ್ತು ಅವರ ಸಂಗಡಿಗರು ತುಳಸಿ ಎಲೆಯ ಸಾರವನ್ನು ಇಲಿಗಳಿಗೆ ಕೊಟ್ಟರು. ಆಮೇಲೆ ಅವುಗಳನ್ನು ಗಾಮಾ ಕಿರಣಕ್ಕೆ ಒಡ್ಡಿ, ಎಷ್ಟು ಬದುಕುತ್ತವೆ ಎಂದು ನೋಡಿದರು. ಸಾರದೊಳಗಿನ ಯಾವ ವಸ್ತು ಕೆಲಸ ಮಾಡುತ್ತಿದೆ ಎಂದು ಹುಡುಕುತ್ತ ಹೋಗಿ ಓರಿಯೆಂಟಿನ್, ವೈಸೆನಿನ್ ಎಂಬ ಎರಡು ಫ್ಲೇವನಾಯ್ಡ್‌ಗಳಿಗೆ ಬಂದು ನಿಂತರು. 1999ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಅವರ ಪ್ರಬಂಧ ಬಂತು. ಇಲಿಯ ಮೈತೂಕದ ಪ್ರತಿ ಕಿಲೋಗೆ 50 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಇಪ್ಪತ್ತು ಸಾವಿರದಲ್ಲೊಂದು ಪಾಲು, ಈ ವಸ್ತುವನ್ನು ಮುಂಚಿತವಾಗಿ ಚುಚ್ಚಿದ್ದರೆ ಸಾಕು. ಅಷ್ಟೇ ಇಲಿಗಳು ಸಾಯಬೇಕಾದರೆ ಓರಿಯೆಂಟಿನ್ ಪಡೆದವಕ್ಕೆ 1.30 ಪಟ್ಟು, ವೈಸೆನಿನ್ ಪಡೆದವಕ್ಕೆ 1.37 ಪಟ್ಟು ವಿಕಿರಣ ಬೇಕಾಗುತ್ತಿತ್ತು. ಅದೇ ವಿಭಾಗದಲ್ಲಿ ಮುಂದೆ ಶುಂಠಿ, ಬಿಲ್ವ, ನೇರಳೆಗಳ ಮೇಲೂ ಇಂಥ ಪರೀಕ್ಷೆಗಳು ನಡೆದವು.

ಇಷ್ಟು ಓದಿ ಯಾರೂ ತುಳಸಿ ಕಷಾಯ ಕುಡಿದರೆ ವಿಕಿರಣ ತಟ್ಟದು ಎಂದುಕೊಳ್ಳಬಾರದು. ಇಲಿಗೆ ಚುಚ್ಚಿದ ಶುದ್ಧ ವಸ್ತು ಬೇರೆ, ಮನುಷ್ಯ ಕುಡಿದ ಕಷಾಯ ಬೇರೆ. ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡುವಾಗ ಗಡ್ಡೆಯ ಸುತ್ತಲಿನ ಆರೋಗ್ಯವಂತ ಜೀವಕೋಶಗಳನ್ನು ಕಾಪಾಡುವ ಔಷಧ ಸಿಗಬಹುದೇ ಎಂಬುದು ಈ ಸಂಶೋಧನೆಯ ಹಿಂದಿದ್ದ ಆಸೆ. ನಾನಿಲ್ಲಿ ಹಿಡಿಯಬೇಕೆಂದಿರುವ ಎಳೆ ಇನ್ನೊಂದು. ಆ ಇಲಿಗಳ ಮೇಲೆ ಬಿದ್ದ ಗಾಮಾ ಕಿರಣ ಎಲ್ಲಿಂದ ಬಂತು? ಮಣಿಪಾಲದ ಆಸ್ಪತ್ರೆಯಲ್ಲಿ ರೋಗಿಗಳ ಚಿಕಿತ್ಸೆಗೆಂದು ಇದ್ದ ಕೋಬಾಲ್ಟ್ ಯಂತ್ರದಿಂದ. ಪ್ರಯೋಗಕ್ಕೆ ಬೇಕಾದ ಎಲೆ ನಮ್ಮ ಅಂಗಳದಲ್ಲೇ ಇತ್ತು. ಕಿರಣದ ಮೂಲ ಮಾತ್ರ ಒಂದು ಪರಮಾಣು ರಿಯಾಕ್ಟರಿನಲ್ಲಿ ಹುಟ್ಟಿ, ಸೀಸದ ಕವಚದೊಳಗೆ ಕೂತು, ಹತ್ತಾರು ಅನುಮತಿಗಳನ್ನು ದಾಟಿ ಗುಡ್ಡದ ಮೇಲಿನ ಆ ಊರಿಗೆ ಬರಬೇಕಿತ್ತು. ಇಂಥ ಮೂಲವೊಂದನ್ನು ಸಂಶೋಧನೆಗೆ ತಂದು ಇಟ್ಟುಕೊಳ್ಳುವುದೆಂದರೆ ಏನೇನು ಎಂಬುದನ್ನು ಜನಸಾಮಾನ್ಯರಿಗೆ ಬಿಡಿಸಿ ಹೇಳುವವರು ಕಡಿಮೆ. ಹೇಳದೆ ಬಿಟ್ಟ ಜಾಗದಲ್ಲಿ ಒಂದೋ ಭಯ ಬೆಳೆಯುತ್ತದೆ, ಇಲ್ಲವೇ ಅಸಡ್ಡೆ ಬೆಳೆಯುತ್ತದೆ. ಎರಡರಲ್ಲಿ ಅಸಡ್ಡೆಯೇ ಹೆಚ್ಚು ಅಪಾಯಕಾರಿ. ಅದಕ್ಕೆ ಪುರಾವೆಯನ್ನು ಮುಂದೆ ಕೊಡುತ್ತೇನೆ.

ಮೊದಲು ಗಾಮಾ ಕಿರಣದ ಸ್ವಭಾವ. 1900ರಲ್ಲಿ ಫ್ರಾನ್ಸಿನ ಪಾಲ್ ವಿಲಾರ್ ಇದನ್ನು ಗುರುತಿಸಿದ. ಗಾಮಾ ಎಂಬ ಹೆಸರು ಕೊಟ್ಟದ್ದು ರುದರ್‌ಫೋರ್ಡ್. ಇದೂ ಬೆಳಕಿನ ಜಾತಿಯದೇ. ಆದರೆ ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣದಲ್ಲಿ ಎರಡು ಮೂರು ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇದ್ದರೆ, ಕೋಬಾಲ್ಟ್-60 ಹೊರಸೂಸುವ ಗಾಮಾ ಕಣಗಳಲ್ಲಿ 11.7 ಲಕ್ಷ ಮತ್ತು 13.3 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. ಕಾಪುವಿನ ಕಡಲ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನೆನೆಯಿರಿ. ಅಲ್ಲಿ ಮಸೂರವಿಟ್ಟು ಬೆಳಕನ್ನು ಒಟ್ಟುಗೂಡಿಸಿ ದೂರದ ದೋಣಿಗೆ ಕಳಿಸಬಹುದು, ಬೆಳಗಾದಾಗ ಆರಿಸಬಹುದು. ಗಾಮಾ ಕಿರಣವನ್ನು ಆ ಥರದ ಮಸೂರದಲ್ಲಿ ಬಾಗಿಸಲಾಗದು, ಕನ್ನಡಿಯಲ್ಲಿ ತಿರುಗಿಸಲಾಗದು. ಅದು ನಾಲ್ಕೂ ಕಡೆ ಹರಡುತ್ತ ಹೋಗುತ್ತದೆ. ತಡೆಯಬೇಕೆಂದರೆ ಅಡ್ಡಲಾಗಿ ಭಾರವಾದ ವಸ್ತು ಇಡಬೇಕು, ಇಲ್ಲವೇ ದೂರ ಸರಿಯಬೇಕು. ದೂರ ಎರಡು ಪಟ್ಟಾದರೆ ಬೀಳುವ ಕಿರಣ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಸೀಸವಾದರೆ ಸುಮಾರು 1.2 ಸೆಂಟಿಮೀಟರ್ ದಪ್ಪಕ್ಕೊಮ್ಮೆ ಕೋಬಾಲ್ಟಿನ ಗಾಮಾ ಅರ್ಧವಾಗುತ್ತದೆ. ಹೀಗೆ ಹತ್ತು ಸಲ ಅರ್ಧವಾದರೆ ಸಾವಿರದಲ್ಲೊಂದು ಪಾಲು, ಇಪ್ಪತ್ತು ಸಲವಾದರೆ ಹತ್ತು ಲಕ್ಷದಲ್ಲೊಂದು ಪಾಲು ಉಳಿಯುತ್ತದೆ. ಪೂರ್ತಿ ಸೊನ್ನೆ ಎಂಬುದು ಎಂದೂ ಬರುವುದಿಲ್ಲ. ಲೆಕ್ಕಕ್ಕೆ ಬಾರದಷ್ಟು ಕಡಿಮೆ ಎಂಬುದು ಬರುತ್ತದೆ.

ಅದನ್ನು ಆರಿಸುವ ಗುಂಡಿಯೂ ಇಲ್ಲ. ಎಕ್ಸ್‌ರೇ ಯಂತ್ರದ ಪ್ಲಗ್ ಕಿತ್ತರೆ ಕಿರಣ ನಿಲ್ಲುತ್ತದೆ. ಕೋಬಾಲ್ಟಿಗೆ ಪ್ಲಗ್ ಇಲ್ಲ. ನಂದಾದೀಪಕ್ಕಾದರೂ ಎಣ್ಣೆ ಎರೆಯುತ್ತಿರಬೇಕು. ಇದು ಎಣ್ಣೆಯಿಲ್ಲದೆ, ಕರೆಂಟಿಲ್ಲದೆ, ಯಾರೂ ನೋಡದಿದ್ದರೂ ಉರಿಯುವ ದೀಪ.

ನಮ್ಮ ಸುತ್ತ ಗಾಮಾ ಕಿರಣ ಹೊಸದೇನಲ್ಲ. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ ಗೊಮ್ಮಟನ ಕಾಲಡಿಯ ಬಂಡೆಯಂಥ ಕಲ್ಲುಗಳಲ್ಲಿ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂಗಳ ಅಲ್ಪ ಅಂಶ ಇರುತ್ತದೆ. ಅವು ಮನುಷ್ಯ ಹುಟ್ಟುವ ಮೊದಲಿಂದಲೂ ಗಾಮಾ ಸೂಸುತ್ತ ಬಂದಿವೆ. ಉಳ್ಳಾಲದ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವ ಮೋನಜೈಟ್ ಕಣಗಳು ಸೇರಿಕೊಂಡು ವಿಕಿರಣ ಸಾಮಾನ್ಯಕ್ಕಿಂತ ಹೆಚ್ಚಾಗಿರುವ ಪಟ್ಟಿಯೊಂದಿದೆ ಎಂಬುದನ್ನು ಮಂಗಳೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದರು. ನಮ್ಮ ಮೈಯಲ್ಲೇ ಇರುವ ಪೊಟ್ಯಾಸಿಯಂನಿಂದ ಸೆಕೆಂಡಿಗೆ ಸುಮಾರು ನಾಲ್ಕು ಸಾವಿರ ಪರಮಾಣುಗಳು ಸಿಡಿಯುತ್ತಿರುತ್ತವೆ. ಹಾಗಾಗಿ ‘ವಿಕಿರಣ ಇದೆಯೇ’ ಎಂಬ ಪ್ರಶ್ನೆಗೆ ಎಲ್ಲಿ ಹೋದರೂ ಹೌದೆಂದೇ ಉತ್ತರ. ಕೇಳಬೇಕಾದ್ದು ‘ಎಷ್ಟು’ ಎಂದು.

ಆ ‘ಎಷ್ಟು’ ಎಂಬುದರಲ್ಲೇ ಸಂಶೋಧನೆಯ ಮೂಲಗಳು ಎರಡು ಜಾತಿಯಾಗಿ ಒಡೆಯುತ್ತವೆ. ಒಂದು, ಪದವಿ ಮತ್ತು ಸ್ನಾತಕೋತ್ತರ ತರಗತಿಗಳ ಪ್ರಯೋಗಾಲಯದಲ್ಲಿರುವ ಗುಂಡಿ ಗಾತ್ರದ ಮೂಲ. ಪ್ಲಾಸ್ಟಿಕ್ ಬಿಲ್ಲೆಯೊಳಗೆ ಮುಚ್ಚಿಟ್ಟ ಸೀಸಿಯಂ-137ನ್ನೋ ಕೋಬಾಲ್ಟ್-60ನ್ನೋ ಇಕ್ಕುಳದಲ್ಲಿ ಎತ್ತಿ ಗೈಗರ್ ಕೌಂಟರಿನ ಮುಂದಿಟ್ಟು ವಿದ್ಯಾರ್ಥಿಗಳು ಎಣಿಸುತ್ತಾರೆ. ಮೂಲವನ್ನು ದೂರ ಸರಿಸಿ ಮತ್ತೆ ಎಣಿಸುತ್ತಾರೆ, ನಡುವೆ ಸೀಸದ ತಗಡು ಇಟ್ಟು ಮತ್ತೆ ಎಣಿಸುತ್ತಾರೆ. ಒಂದು ಮೈಕ್ರೋಕ್ಯೂರಿ ಮೂಲವಾದರೆ ಸೆಕೆಂಡಿಗೆ 37 ಸಾವಿರ ಪರಮಾಣು ಸಿಡಿಯುತ್ತವೆ. ಕೇಳಲು ದೊಡ್ಡ ಸಂಖ್ಯೆ. ಆದರೆ ನಮ್ಮ ಮೈಯ ಲೆಕ್ಕಕ್ಕೆ ಅದು ಸುಮಾರು ಒಂಬತ್ತು ಪಟ್ಟು ಮಾತ್ರ. ಇದರಿಂದ ಯಾವ ಬೀಜವೂ ರೂಪಾಂತರವಾಗುವುದಿಲ್ಲ, ಯಾವ ಸೂಕ್ಷ್ಮಜೀವಿಯೂ ಸಾಯುವುದಿಲ್ಲ. ಕಿರಣದ ಸ್ವಭಾವ ಕಲಿಯಲು ಇದು ಸಾಕು.

ಇನ್ನೊಂದು ಜಾತಿ, ಗಾಮಾ ಚೇಂಬರ್. ಮಂಗಳೂರು ವಿಶ್ವವಿದ್ಯಾನಿಲಯದ ಕೊಣಾಜೆ ಆವರಣದಲ್ಲಿ ವಿಕಿರಣ ತಂತ್ರಜ್ಞಾನದ ಬಳಕೆಗೆಂದೇ ಇರುವ ಕೇಂದ್ರವೊಂದಿದೆ. ಅಲ್ಲಿರುವುದು ಇಂಥ ಚೇಂಬರ್. ‘ಜಿಸಿ-5000’ ಎಂಬ ಮಾದರಿ. ತಯಾರಿಸುವುದು ಕೇಂದ್ರ ಸರ್ಕಾರದ ಅಣುಶಕ್ತಿ ಇಲಾಖೆಗೆ ಸೇರಿದ ‘ಬ್ರಿಟ್’ ಸಂಸ್ಥೆ. ಉಡುಪಿಯಿಂದ ಕಾಪು, ಪಡುಬಿದ್ರಿ ದಾಟಿ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೋದರೆ ಒಂದು ಬೆಳಗಿನೊಳಗೆ ಮುಟ್ಟಬಹುದಾದ ಜಾಗ. ನಮ್ಮ ಉಡುಪಿ ಜಿಲ್ಲೆಯ ಸಂಶೋಧಕರಿಗೆ ದೊಡ್ಡ ಪ್ರಮಾಣದ ಗಾಮಾ ಬೇಕೆಂದರೆ ಹತ್ತಿರದ ಬಾಗಿಲು ಇದೇ.

ಈ ಮಾದರಿಯ ಯಂತ್ರ ಹೇಗಿರುತ್ತದೆ? ನೋಡಲು ನೆಲಕ್ಕೆ ಊರಿದ ದಪ್ಪ ಉಕ್ಕಿನ ಕೊಳಗ. ತೂಕ ಸುಮಾರು 5,600 ಕಿಲೋ. ಅದರಲ್ಲಿ ಬಹುಪಾಲು ಸೀಸ. ಇಷ್ಟು ದೊಡ್ಡ ಒಡಲಿನಲ್ಲಿ ಸ್ಯಾಂಪಲ್ ಇಡಲು ಸಿಗುವ ಜಾಗ ಕೇವಲ ಐದು ಲೀಟರ್: 17 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ಒಂದು ಡಬ್ಬಿ, ಮನೆಯ ಕುಕ್ಕರ್ ಗಾತ್ರ. ಉಳಿದದ್ದೆಲ್ಲ ಕವಚ. ಒಳಗೆ ಕೋಬಾಲ್ಟ್ ತುಂಬಿದ ಸ್ಟೀಲ್ ಪೆನ್ಸಿಲುಗಳು ವೃತ್ತಾಕಾರದ ಪಂಜರದಂತೆ ನಿಂತಿರುತ್ತವೆ. ಅವು ಅಲುಗಾಡುವುದೇ ಇಲ್ಲ. ಸ್ಯಾಂಪಲನ್ನು ಮೇಲಿಂದ ಇಟ್ಟು ಗುಂಡಿ ಒತ್ತಿದರೆ ಡ್ರಾಯರ್ ಬಾವಿಯ ಕೊಡದಂತೆ ಇಳಿದು ಪಂಜರದ ನಡುವೆ ನಿಲ್ಲುತ್ತದೆ. ಹಾಕಿದ ಸಮಯ ಮುಗಿದ ಕೂಡಲೇ ಮೇಲೇರಿ ಬರುತ್ತದೆ. ಮೂಲ ಕದಲದೆ ವಸ್ತುವೇ ಹೋಗಿಬರುವ ಏರ್ಪಾಡು ಇದು, ಆದ್ದರಿಂದಲೇ ಪಕ್ಕದಲ್ಲಿ ಮನುಷ್ಯ ನಿಂತಿರಬಹುದು. ಕರೆಂಟು ಹೋದರೆ ಡ್ರಾಯರಿನ ಮೋಟಾರು ನಿಲ್ಲಬಹುದು, ಸೀಸ ಮಾತ್ರ ತನ್ನ ಕೆಲಸ ಬಿಡುವುದಿಲ್ಲ. ನಮ್ಮ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ.

ಪೂರ್ತಿ ತುಂಬಿದಾಗ ಈ ಯಂತ್ರದಲ್ಲಿ 14,000 ಕ್ಯೂರಿ ಕೋಬಾಲ್ಟ್ ಇರಬಹುದು. ಅಂದರೆ ಸೆಕೆಂಡಿಗೆ 518 ಲಕ್ಷ ಕೋಟಿ ಪರಮಾಣುಗಳು ಸಿಡಿಯುತ್ತಿರುತ್ತವೆ. ಕಾಲೇಜಿನ ಮೈಕ್ರೋಕ್ಯೂರಿ ಬಿಲ್ಲೆಗೆ ಹೋಲಿಸಿದರೆ 1,400 ಕೋಟಿ ಪಟ್ಟು. ಎರಡಕ್ಕೂ ‘ರೇಡಿಯೋಆಕ್ಟಿವ್ ಸೋರ್ಸ್’ ಎಂಬ ಒಂದೇ ಹೆಸರು, ಬಾಗಿಲ ಮೇಲೆ ಮೂರು ದಳದ ಒಂದೇ ಗುರುತು. ಸಾಮಾನ್ಯರಿಗೆ ಗೊಂದಲವಾಗುವುದು ಇಲ್ಲೇ. ಹಣತೆಯೂ ಬೆಂಕಿ, ಕಾಡ್ಗಿಚ್ಚೂ ಬೆಂಕಿ. ಆದರೆ ಇಲ್ಲಿಯ ವ್ಯತ್ಯಾಸ ಅದಕ್ಕಿಂತಲೂ ದೊಡ್ಡದು.

ವಸ್ತುವೊಂದು ಹೀರಿಕೊಂಡ ವಿಕಿರಣವನ್ನು ‘ಗ್ರೇ’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಕಿಲೋ ವಸ್ತುವಿನಲ್ಲಿ ಒಂದು ಜೌಲ್ ಶಕ್ತಿ ಇಳಿದರೆ ಅದು ಒಂದು ಗ್ರೇ. ಮನುಷ್ಯನ ಇಡೀ ಮೈಗೆ ನಾಲ್ಕು ಗ್ರೇ ಒಮ್ಮೆಲೇ ಬಿದ್ದು ಚಿಕಿತ್ಸೆ ಸಿಗದೆ ಹೋದರೆ, ಬದುಕುವುದೂ ಸಾಯುವುದೂ ಹೆಚ್ಚುಕಡಿಮೆ ಸಮಪಾಲು. ಎಪ್ಪತ್ತು ಕಿಲೋ ಮೈಗೆ ನಾಲ್ಕು ಗ್ರೇ ಎಂದರೆ 280 ಜೌಲ್. ಬಿಸಿ ಕಾಫಿಯ ಅರ್ಧ ಚಮಚದಿಂದ ಮೈಗೆ ಸೇರುವ ಶಾಖವೂ ಅಷ್ಟೇ ಇದ್ದೀತು! ಹಾಗಾದರೆ ಕಾಫಿ ಕುಡಿದವರು ಆರಾಮಾಗಿ ಎದ್ದು ಹೋಗುತ್ತಾರೆ, ಕಿರಣ ತಗುಲಿದವರು ಹಾಸಿಗೆ ಹಿಡಿಯುತ್ತಾರೆ, ಏಕೆ? ಕಾಫಿಯ ಶಾಖ ಎಲ್ಲ ಅಣುಗಳಿಗೂ ಸಣ್ಣ ಸಣ್ಣ ಪಾಲಾಗಿ ಹಂಚಿಹೋಗುತ್ತದೆ. ಗಾಮಾದ ಶಕ್ತಿ ಹಾಗಲ್ಲ, ಒಂದೊಂದು ಜಾಗಕ್ಕೆ ಗುಂಡೇಟಿನಂತೆ ಬೀಳುತ್ತದೆ. ಜೀವಕೋಶದ ಬಹುಭಾಗ ನೀರು. ಏಟು ತಿಂದ ನೀರಿನ ಅಣು ಒಡೆದು ಹೈಡ್ರಾಕ್ಸಿಲ್ ಎಂಬ ಚೂರು ಹುಟ್ಟುತ್ತದೆ. ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡು ಕೆಡಿಸುವ ಈ ಚೂರು ಪಕ್ಕದಲ್ಲಿ ಡಿಎನ್‌ಎ ಇದ್ದರೆ ಅದನ್ನೂ ಕಡಿಯುತ್ತದೆ. ಈಗ ತುಳಸಿಯ ಕತೆಗೆ ಮರಳಿ ಬನ್ನಿ. ಓರಿಯೆಂಟಿನ್, ವೈಸೆನಿನ್‌ಗಳು ಈ ಚೂರುಗಳನ್ನು ಡಿಎನ್‌ಎ ತಲುಪುವ ಮುನ್ನವೇ ಹಿಡಿದು ತಣಿಸುತ್ತವೆ ಎಂಬುದು ಮಣಿಪಾಲದ ಸಂಶೋಧಕರು ಕೊಟ್ಟ ವಿವರಣೆಗಳಲ್ಲಿ ಮುಖ್ಯವಾದದ್ದು.

ಪೂರ್ತಿ ತುಂಬಿದ ಚೇಂಬರಿನೊಳಗೆ ಗಂಟೆಗೆ ಸುಮಾರು 9,000 ಗ್ರೇ ಬೀಳುತ್ತದೆ, ಅಂದರೆ ಸೆಕೆಂಡಿಗೆ ಎರಡೂವರೆ ಗ್ರೇ. ಆಸ್ಪತ್ರೆಯಲ್ಲಿ ರಕ್ತ ಕೊಡುವ ಮುನ್ನ ಕೆಲವು ರೋಗಿಗಳಿಗಾಗಿ ಆ ರಕ್ತಕ್ಕೆ 25 ಗ್ರೇ ಹಾಯಿಸುತ್ತಾರೆ. ಭತ್ತದಂಥ ಬೀಜದಲ್ಲಿ ಹೊಸ ಗುಣ ಹುಟ್ಟಿಸಲು ನೂರಾರು ಗ್ರೇ ಬೇಕು. ಅಮೆರಿಕಕ್ಕೆ ಹೋಗುವ ಮಾವಿನ ಹಣ್ಣಿನೊಳಗಿನ ಹುಳುವಿನ ಸಂತತಿ ನಿಲ್ಲಿಸಲು 400 ಗ್ರೇ. ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಇದಕ್ಕೆಂದೇ ಘಟಕವಿದೆ. ಸಿರಿಂಜು, ಹತ್ತಿಗಳನ್ನು ಕ್ರಿಮಿರಹಿತ ಮಾಡಲು 25,000 ಗ್ರೇ. ಪ್ಲಾಸ್ಟಿಕ್ಕಿನ, ಸೆಮಿಕಂಡಕ್ಟರಿನ ಗುಣ ಹೇಗೆ ಬದಲಾಗುತ್ತದೆಂದು ನೋಡುವವರು ಇನ್ನೂ ಮೇಲೆ ಹೋಗುತ್ತಾರೆ. ಕಾಪು ತಾಲೂಕಿನ ಮಟ್ಟುವಿನ ಗುಳ್ಳ ಬದನೆಯ ಬೀಜಕ್ಕೆ ಒಂದು ದಿನ ಯಾರಾದರೂ ಇಂಥ ಪ್ರಯೋಗ ಮಾಡಬಯಸಿದರೆ, ಮಾಡುವ ಕೆಲಸ ಇಷ್ಟೇ: ಬೀಜವನ್ನು ಪೊಟ್ಟಣ ಕಟ್ಟಿ ಬೇರೆ ಬೇರೆ ಡೋಸಿನಲ್ಲಿ ಚೇಂಬರಿಗಿಳಿಸುವುದು. ಅದಕ್ಕೆ ನಿಮಿಷಗಳು ಸಾಕು. ಮುಂದೆ ಗದ್ದೆಯಲ್ಲಿ ಬಿತ್ತಿ, ತಲೆಮಾರು ತಲೆಮಾರು ಆರಿಸುತ್ತ, ರುಚಿ ಕೆಡದೆ ಗುಣ ಸುಧಾರಿಸಿದ ಒಂದು ಗಿಡ ಸಿಗುವ ತನಕ ಕಾಯುವುದಕ್ಕೆ ವರ್ಷಗಳು ಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು. ಕೋಬಾಲ್ಟಿನ ಗಾಮಾಗೆ ಒಡ್ಡಿದ ಬೀಜ, ಹಣ್ಣು, ರಕ್ತ ಯಾವುದೂ ವಿಕಿರಣ ಸೂಸುವ ವಸ್ತುವಾಗುವುದಿಲ್ಲ. ಬಿಸಿಲಿಗಿಟ್ಟ ಹಪ್ಪಳ ಒಣಗುತ್ತದೆ, ಒಳಗೆ ತಂದ ಮೇಲೆ ಅದರಿಂದ ಬಿಸಿಲು ಹೊರಡುವುದಿಲ್ಲ. ಪರಮಾಣುವಿನ ಬೀಜಕೇಂದ್ರವನ್ನು ಕೆಣಕಲು ಕೋಬಾಲ್ಟ್ ಗಾಮಾದ ಶಕ್ತಿ ಸಾಲದು. ಆದರೆ ಕೋಬಾಲ್ಟೇ ಕವಚ ಒಡೆದು ಹೊರಬಂದು ಕೈಗೋ ಬಟ್ಟೆಗೋ ಮೆತ್ತಿಕೊಂಡರೆ ಅದು ಬೇರೆಯೇ ವಿಷಯ. ಕಿರಣ ತಗುಲುವುದು ಒಂದು, ಮೂಲವೇ ಅಂಟಿಕೊಳ್ಳುವುದು ಇನ್ನೊಂದು. ಇವೆರಡನ್ನು ಬೇರ್ಪಡಿಸಿ ಯೋಚಿಸಲು ಕಲಿತರೆ ಪತ್ರಿಕೆಯ ಸುದ್ದಿಯನ್ನು ಅರ್ಧದಷ್ಟು ಭಯ ಕಳೆದು ಓದಬಹುದು.

ಅದೇ ಕೊಣಾಜೆ ಆವರಣದಲ್ಲಿ ಇನ್ನೊಂದು ಬಗೆಯ ಮೂಲವಿದೆ: ಇಂದೋರಿನ ಸಂಶೋಧನಾ ಕೇಂದ್ರವೊಂದರ ನೆರವಿನಿಂದ 1990ರ ದಶಕದಲ್ಲಿ ಬಂದ ಮೈಕ್ರೋಟ್ರಾನ್. ಇದು 80 ಲಕ್ಷ ಎಲೆಕ್ಟ್ರಾನ್ ವೋಲ್ಟಿನವರೆಗೆ ಎಲೆಕ್ಟ್ರಾನುಗಳನ್ನು ಓಡಿಸುವ ಯಂತ್ರ. ಆ ಎಲೆಕ್ಟ್ರಾನುಗಳು ಭಾರಲೋಹದ ಫಲಕಕ್ಕೆ ಬಡಿದು ಗಾಮಾದಂಥ ಕಿರಣ ಹುಟ್ಟಿಸಬಲ್ಲವು. ಸ್ವಿಚ್ ಆರಿಸಿದರೆ ನಿಲ್ಲುತ್ತದೆ ಎಂಬುದು ಇದರ ದೊಡ್ಡ ಗುಣ. ನುರಿತ ಕೈಗಳು, ಬಿಡಿಭಾಗ, ನಿರಂತರ ವಿದ್ಯುತ್ತು ಬೇಕೆಂಬುದು ಇದರ ಕಷ್ಟ. ಮಣಿಪಾಲದ ಸಂಶೋಧಕರೂ ಇದನ್ನು ಬಳಸಿಕೊಂಡಿದ್ದಾರೆ. ಆದರೂ ಒಂದೇ ಸಮನಾದ, ನಂಬಬಹುದಾದ ಡೋಸ್ ಬೇಕೆನ್ನುವವರಿಗೆ ಕೋಬಾಲ್ಟಿನ ಸರಳತೆ ಇಂದಿಗೂ ಆಕರ್ಷಕ.

ಈ ಸರಳತೆಗೆ ಬೆಲೆಯೂ ಇದೆ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ತಿಂಗಳಿಗೆ ನೂರಕ್ಕೆ ಒಂದು ಪಾಲಿನಂತೆ ಅದು ಸೊರಗುತ್ತದೆ. ತಂದ ವರ್ಷ ಹತ್ತು ನಿಮಿಷ ತೆಗೆದುಕೊಂಡ ಪ್ರಯೋಗಕ್ಕೆ ಐದು ವರ್ಷದ ಮೇಲೆ ಇಪ್ಪತ್ತು ನಿಮಿಷ ಬೇಕು. ಆದ್ದರಿಂದ ಚೇಂಬರನ್ನು ನಡೆಸುವವರು ದಿನಾಂಕ ನೋಡಿ ಲೆಕ್ಕ ಹಾಕಿ ಸಮಯ ಇಡುತ್ತಾರೆ. ಆ ಲೆಕ್ಕ ಸರಿಯೇ ಎಂದು ಫ್ರಿಕ್ ದ್ರಾವಣದಲ್ಲಿ ಪರೀಕ್ಷಿಸುತ್ತಾರೆ. ಕಬ್ಬಿಣದ ಲವಣದ ಈ ದ್ರಾವಣಕ್ಕೆ ಗಾಮಾ ತಗುಲಿದಷ್ಟೂ ಅದು ರಾಸಾಯನಿಕವಾಗಿ ಬದಲಾಗುತ್ತದೆ. ಬದಲಾದ ಪ್ರಮಾಣವನ್ನು ಬೆಳಕಿನ ಉಪಕರಣದಲ್ಲಿ ಅಳೆದರೆ ಡೋಸ್ ಗೊತ್ತಾಗುತ್ತದೆ. ಸಂಶೋಧನೆಯಲ್ಲಿ ಡೋಸ್ ತಪ್ಪಿದರೆ ಪ್ರಬಂಧವೇ ತಪ್ಪಿದಂತೆ. ಈ ಕೆಲಸ ಮಾಡುವ ತಂತ್ರಜ್ಞರ ಹೆಸರು ಪ್ರಬಂಧದ ಮೊದಲ ಸಾಲಿನಲ್ಲಿ ಬರುವುದು ಅಪರೂಪ. ಬರಬೇಕೆಂದು ನನ್ನ ಆಸೆ.

ಇಂಥ ಚೇಂಬರನ್ನು ತರಬೇಕೆಂದರೆ ಮೊದಲು ಮುಂಬೈಯಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. 1983ರ ನವೆಂಬರ್‌ನಲ್ಲಿ ಹುಟ್ಟಿದ ಈ ಮಂಡಳಿ 2004ರ ವಿಕಿರಣ ರಕ್ಷಣಾ ನಿಯಮಗಳಂತೆ ನಡೆಯುತ್ತದೆ. ಆರು ಟನ್ನಿನ ಹತ್ತಿರದ ಭಾರವನ್ನು ನೆಲ ತಡೆಯಬೇಕು, ಕ್ರೇನು ಒಳಬರುವಷ್ಟು ದಾರಿ ಇರಬೇಕು, ಕೋಣೆಯ ನಕ್ಷೆಗೆ ಮಂಜೂರಾತಿ ಬೇಕು, ವಿಕಿರಣ ಅಳೆಯುವ ಮೀಟರುಗಳು ಬೇಕು. ನಮ್ಮ ಕಡೆ ನಾಲ್ಕು ತಿಂಗಳು ಎಡೆಬಿಡದ ಮಳೆ, ಕಡಲ ಉಪ್ಪುಗಾಳಿ. ಮೀಟರಿನ ಸರ್ಕ್ಯೂಟು ಕೆಡುವುದು, ಬೀಗ ತುಕ್ಕು ಹಿಡಿಯುವುದು ನಮಗೆ ಹೇಳಿಕೊಡಬೇಕಾದ ವಿಷಯವಲ್ಲ. ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಇಂಥ ಮೂಲ ಮೊದಲನೇ ದರ್ಜೆಯದು, ಅಂದರೆ ಅತ್ಯಂತ ಅಪಾಯಕಾರಿಗಳ ಸಾಲಿನದು. ಹಾಗಾಗಿ ಕಾವಲು, ಕ್ಯಾಮೆರಾ ಎಲ್ಲವೂ ಬೇಕು. ಕೆಲಸ ಮಾಡುವವರೆಲ್ಲ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಧರಿಸುತ್ತಾರೆ. ಅದರಲ್ಲಿರುವ ಸ್ಫಟಿಕ ತಗುಲಿದ ವಿಕಿರಣವನ್ನು ನೆನಪಿಟ್ಟುಕೊಳ್ಳುತ್ತದೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತದೆ. ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲಿದ ವಿಕಿರಣದ ಅಳತೆ), ಯಾವ ಒಂದು ವರ್ಷದಲ್ಲೂ 30 ಮೀರಬಾರದು. ಹೊರಗಿನ ಜನರಿಗೆ ವರ್ಷಕ್ಕೆ ಒಂದು. ಪ್ರಕೃತಿಯಿಂದಲೇ ನಮಗೆಲ್ಲ ಬರುವುದು ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4. ಇವೆಲ್ಲದಕ್ಕೂ ಉತ್ತರದಾಯಿಯಾಗಿ ತರಬೇತಿ ಪಡೆದ ಒಬ್ಬ ವಿಕಿರಣ ಸುರಕ್ಷಾ ಅಧಿಕಾರಿ ಇರಲೇಬೇಕು. ಅವರಿಲ್ಲದೆ ಯಂತ್ರ ನಡೆಸುವಂತಿಲ್ಲ.

ನಿಯಮಗಳು ಗಟ್ಟಿಯಾಗಿವೆ. ಆದರೂ 2010ರ ಏಪ್ರಿಲ್‌ನಲ್ಲಿ ದಿಲ್ಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಯಲ್ಲಿ ಆದದ್ದನ್ನು ಮರೆಯಲಾಗದು. ಅಲ್ಲಿನ ಗುಜರಿ ಅಂಗಡಿಗಳಲ್ಲಿ ಕೆಲಸ ಮಾಡುವವರ ಕೈ ಸುಟ್ಟು ಕಪ್ಪಾಯಿತು, ಕೂದಲು ಉದುರಿತು. ಹುಡುಕಿ ನೋಡಿದರೆ ಕೋಬಾಲ್ಟ್-60. ದಿಲ್ಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಹಳೆಯ ಗಾಮಾ ಯಂತ್ರ ಅದು, ಸಂಶೋಧನೆಗೆಂದೇ ಕೆನಡಾದಿಂದ ತರಿಸಿದ್ದು. 1985ರಿಂದ ಯಾರೂ ಬಳಸದೆ ಒಂದು ಕೋಣೆಯಲ್ಲಿ ಕೂತಿತ್ತು. ಕೋಣೆ ಖಾಲಿ ಮಾಡಿಸುವಾಗ ಉಳಿದ ಹಳೆ ಸಾಮಾನಿನ ಜೊತೆ ಹರಾಜಿಗೆ ಹೋಯಿತು. ಕೊಂಡವರು ಸೀಸ ಸಿಗುತ್ತದೆಂದು ಒಡೆದರು. ಒಬ್ಬರು ಸತ್ತರು, ಏಳು ಮಂದಿ ಆಸ್ಪತ್ರೆ ಸೇರಿದರು.

ಈ ಘಟನೆಯಲ್ಲಿ ಯಂತ್ರ ಕೆಟ್ಟಿರಲಿಲ್ಲ. ಕವಚ ತಾನಾಗಿ ಸೀಳಿರಲಿಲ್ಲ. ಬಳಸುವಷ್ಟು ದಿನ ಯಾರಿಗೂ ಏನೂ ಆಗಿರಲಿಲ್ಲ. ಅದು ಏನೆಂದು ಗೊತ್ತಿದ್ದವರು ನಿವೃತ್ತರಾದರು, ಗೊತ್ತಿಲ್ಲದವರು ಕೋಣೆಯ ಬಾಗಿಲು ತೆರೆದರು. ಮೂಲ ಹಳತಾಗಿದೆ, ಇನ್ನೇನು ಮಾಡೀತು ಎಂಬ ಎಣಿಕೆ ಎಷ್ಟು ತಪ್ಪೆಂದು ಲೆಕ್ಕ ಹಾಕಿ ನೋಡಿ. 14,000 ಕ್ಯೂರಿಯ ಚೇಂಬರು ಐವತ್ತು ವರ್ಷ ಸುಮ್ಮನೆ ಕೂತರೂ ಅದರಲ್ಲಿ ಸುಮಾರು 20 ಕ್ಯೂರಿ ಉಳಿದಿರುತ್ತದೆ. ಸಂಶೋಧನೆಯ ಕಣ್ಣಿನಲ್ಲಿ ಅದು ಸತ್ತ ಮೂಲ; ಪ್ರಯೋಗಕ್ಕೆ ದಿನಗಟ್ಟಲೆ ಬೇಕಾಗುತ್ತದೆ. ಆದರೆ ಕವಚ ತೆಗೆದು ಅದರಿಂದ ಒಂದು ಮೀಟರ್ ದೂರದಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದವರ ಪ್ರಾಣಕ್ಕೆ ಅಷ್ಟು ಸಾಕು. ಉಪಯೋಗ ಮೊದಲು ಸಾಯುತ್ತದೆ, ಅಪಾಯ ಬಹಳ ನಂತರ ಸಾಯುತ್ತದೆ. ಅವೆರಡರ ನಡುವಿನ ನಾಲ್ಕೈದು ದಶಕ ಯಾರ ಹೊಣೆ?

ಉಡುಪಿಯವರಿಗೆ ಈ ಪ್ರಶ್ನೆ ಅಪರಿಚಿತವಾಗಬೇಕಿಲ್ಲ. ಕೃಷ್ಣಮಠದಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ ನಡೆಯುತ್ತದೆ. ಎಂಟು ಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಪೂಜೆಯ ಹೊಣೆ ದಾಟುತ್ತದೆ. ಹೋಗುವವರು ಬರುವವರ ಕೈಗೆ ಅಕ್ಷಯ ಪಾತ್ರೆ, ಸಟ್ಟುಗ, ಕೀಲಿಕೈಗಳನ್ನು ಎಲ್ಲರ ಕಣ್ಣೆದುರು ಒಪ್ಪಿಸುತ್ತಾರೆ. ವಾದಿರಾಜರ ಕಾಲದಿಂದ, ಸುಮಾರು ಐದು ಶತಮಾನ, ಈ ಎರಡು ವರ್ಷದ ಸರದಿ ತಪ್ಪದೆ ಬಂದಿದೆ. ದೇವರ ಪೂಜೆಯನ್ನೂ ಯಂತ್ರದ ಕಾವಲನ್ನೂ ನಾನು ಸಮ ಮಾಡುತ್ತಿಲ್ಲ. ಆದರೆ ಹೊಣೆ ದಾಟಿಸುವುದನ್ನು ಇಷ್ಟು ಕಟ್ಟುನಿಟ್ಟಾಗಿ, ಊರೆಲ್ಲ ಸಾಕ್ಷಿಯಾಗುವಂತೆ ಮಾಡಿದ ಜಾಗ ಇದಾಗಿರುವಾಗ, ನಮ್ಮ ಕಾಲೇಜುಗಳಲ್ಲಿ ಸುರಕ್ಷಾ ಅಧಿಕಾರಿ ನಿವೃತ್ತರಾಗುವ ದಿನ ಮೂಲಗಳ ಕೀಲಿ, ರಿಜಿಸ್ಟರು, ಪ್ರತಿ ಬಿಲ್ಲೆಯ ಎಣಿಕೆ ಹೊಸಬರ ಕೈಗೆ ಪ್ರಾಂಶುಪಾಲರ ಎದುರಿನಲ್ಲಿ ದಾಟಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಹೂಹಾರ, ಭಾಷಣಕ್ಕೆ ಸಮಯವಿದ್ದರೆ ಇದಕ್ಕೂ ಅರ್ಧ ಗಂಟೆ ಸಿಗಬೇಕು.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 87ರ ವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತರು. ಗೆಲ್ಲಲಿಲ್ಲ. ಕೈಗಾದ ಬಗ್ಗೆ ಒಬ್ಬೊಬ್ಬರ ಅಭಿಪ್ರಾಯ ಒಂದೊಂದು ಇರಬಹುದು. ಸಂಶೋಧನೆಯ ಚೇಂಬರಿಗೂ ವಿದ್ಯುತ್ ಸ್ಥಾವರಕ್ಕೂ ಗಾತ್ರದಲ್ಲಿ, ಸ್ವಭಾವದಲ್ಲಿ ಅಜಗಜಾಂತರ. ಆದರೆ ಕೆಲಸ ಮುಗಿದ ಮೇಲೆ ಉಳಿದದ್ದನ್ನು ಯಾರು, ಎಲ್ಲಿ, ಎಷ್ಟು ಕಾಲ ಕಾಯುತ್ತಾರೆ ಎಂದು ಆ ಚಳವಳಿ ಜನರ ಬಾಯಲ್ಲಿ ಕೇಳಿಸಿದ ಪ್ರಶ್ನೆ ಸಣ್ಣ ಮೂಲಕ್ಕೂ ಅಷ್ಟೇ ಸಲ್ಲುತ್ತದೆ. ಅಂಥ ಪ್ರಶ್ನೆಯನ್ನು ವಿಜ್ಞಾನದ ವಿರೋಧವೆಂದು ತಳ್ಳಿಹಾಕುವ ಸಂಸ್ಥೆಗೆ ಚೇಂಬರು ಕೊಡಬಾರದು ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಪ್ರತಿ ಕಾಲೇಜೂ ಒಂದೊಂದು ಚೇಂಬರು ತರಿಸುವುದು ಜಾಣತನವಲ್ಲ. ಮಣಿಪಾಲ, ನಿಟ್ಟೆ, ಉಡುಪಿಯ ಹಳೆಯ ಕಾಲೇಜುಗಳು ಎಲ್ಲದರಲ್ಲೂ ವಿಜ್ಞಾನದ ಉತ್ಸಾಹ ಇದೆ, ಇರಬೇಕು. ಆದರೆ ದೊಡ್ಡ ಮೂಲ ಒಂದೆಡೆ ಇದ್ದು, ನುರಿತ ಸಿಬ್ಬಂದಿ ಅದನ್ನು ಕಾಯುತ್ತ, ಉಳಿದವರು ಸ್ಯಾಂಪಲ್ ಹೊತ್ತು ಅಲ್ಲಿಗೆ ಹೋಗಿಬರುವುದೇ ಹೆಚ್ಚು ಸುರಕ್ಷಿತ, ಹೆಚ್ಚು ಅಗ್ಗ. ಬಸ್ಸಿನಲ್ಲಿ ಬೀಜದ ಪೊಟ್ಟಣ ಒಯ್ಯಲು ಯಾರ ಅನುಮತಿಯೂ ಬೇಡ, ವಾಪಸು ತರಲೂ ಬೇಡ. ಬಿಲ್ಲೆ ಮೂಲ ಮಾತ್ರ ಪ್ರತಿ ಭೌತಶಾಸ್ತ್ರ ವಿಭಾಗದಲ್ಲೂ ಇರಲಿ, ಪ್ರತಿ ವಿದ್ಯಾರ್ಥಿಯ ಕೈಗೂ ಇಕ್ಕುಳ ಬರಲಿ. ದೂರ ಎರಡು ಪಟ್ಟಾದಾಗ ಕೌಂಟರಿನ ಟಿಕ್‌ಟಿಕ್ ಕಡಿಮೆಯಾದದ್ದನ್ನು ತನ್ನ ಕಿವಿಯಾರೆ ಕೇಳಿದ ಹುಡುಗಿ ಮುಂದೆ ಆಸ್ಪತ್ರೆಯಲ್ಲಿ ನರ್ಸಾಗಲಿ, ಪಂಚಾಯತಿ ಸದಸ್ಯೆಯಾಗಲಿ, ವಿಕಿರಣ ಎಂಬ ಪದ ಕೇಳಿದೊಡನೆ ಓಡುವವಳಲ್ಲ. ಗುಜರಿಯಲ್ಲಿ ಮೂರು ದಳದ ಗುರುತಿರುವ ಭಾರದ ಡಬ್ಬಿ ಕಂಡರೆ ಅದರ ಹತ್ತಿರ ಹೋಗುವವಳೂ ಅಲ್ಲ.

ಚೇಂಬರು ಇರುವ, ತರಿಸಲಿರುವ ಸಂಸ್ಥೆಗಳಿಗೆ ಒಂದೇ ಮಾತು. ಬಳಸಿ ಮುಗಿದ ಮೂಲವನ್ನು ಪೂರೈಸಿದವರಿಗೆ ಹಿಂದಿರುಗಿಸುತ್ತೇವೆ ಎಂದು ಕೊಳ್ಳುವ ಮೊದಲೇ ಬರೆದುಕೊಡಬೇಕೆಂಬುದು ಈಗಿನ ಪದ್ಧತಿ. ಬರೆದುಕೊಡುವುದು ಸುಲಭ. ಹಿಂದಿರುಗಿಸುವ ದಿನ ವಿಶೇಷ ಪೆಟ್ಟಿಗೆ, ಲಾರಿ, ಕ್ರೇನು, ಬೆಂಗಾವಲು, ಅನುಮತಿ ಎಲ್ಲಕ್ಕೂ ಹಣ ಬೇಕು. ಅಷ್ಟರಲ್ಲಿ ಯೋಜನೆಯ ಅನುದಾನ ಮುಗಿದು ವರ್ಷಗಳಾಗಿರುತ್ತವೆ, ಸಹಿ ಹಾಕಿದವರು ಬೇರೆಲ್ಲೋ ಇರುತ್ತಾರೆ. ಆದ್ದರಿಂದ ತರಿಸುವ ವರ್ಷವೇ ಹಿಂದಿರುಗಿಸುವ ಖರ್ಚನ್ನು ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ಇಡಬೇಕು. ಅದರ ಪಾಸ್‌ಬುಕ್ಕನ್ನು ಮೂಲದ ರಿಜಿಸ್ಟರಿನ ಜೊತೆಗೇ, ಅದೇ ಬೀರುವಿನಲ್ಲಿ, ಅದೇ ಕೀಲಿಯ ಕೆಳಗೆ ಇರಿಸಬೇಕು.